ವಾರಾಂತ್ಯದ ಕೂಟ

ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಂಗಳೂರಿನ ತಾಳಮದ್ದಳೆ ತಂಡಗಳಿಗೆ ಓಡಾಟದ ಕಾಲ. ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಶಿರಾಡಿ ಘಾಟಿ ದಾಟಿದರೆ ಸುಮಾರು 350 ಕಿಲೋಮೀಟರ್ ದೂರದ ಬೆಂಗಳೂರು. ಶನಿವಾರ ಒಂದು ಕೂಟ, ಭಾನುವಾರ ಇನ್ನೊಂದು. ಸೋಮವಾರ ಬೆಳಿಗ್ಗೆ ಮತ್ತೆ ಶಾಲೆ, ಬ್ಯಾಂಕು, ಅಂಗಡಿ.

ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳ ಕಟ್ಟಬೇಕಿಲ್ಲ. ಭಾಗವತರು, ಚೆಂಡೆ, ಮದ್ದಳೆ, ಚಕ್ರತಾಳ, ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ನಾಲ್ಕೈದು ಅರ್ಥಧಾರಿಗಳು. ಇಷ್ಟೇ ಜನ ಕೂತಲ್ಲೇ ಕುರುಕ್ಷೇತ್ರವನ್ನು ಮಾತಿನಲ್ಲಿ ಕಟ್ಟುತ್ತಾರೆ.

ಪ್ರಸಂಗದ ಪದ್ಯ ಎಲ್ಲರಿಗೂ ಗೊತ್ತು. ಅರ್ಥ ಮಾತ್ರ ಅಲ್ಲೇ, ಆ ಕ್ಷಣಕ್ಕೆ ಹುಟ್ಟಬೇಕು. ಅದಕ್ಕೇ ಈ ಪ್ರಯಾಣವೂ ಕಲೆಯ ಭಾಗ ಅನ್ನುತ್ತೇನೆ. ಪಕ್ಕದ ಸೀಟಿನಲ್ಲಿ ಕೂತು ಹರಟಿದವರೇ ಮರುದಿನ ಕರ್ಣ, ಶಲ್ಯರಾಗಿ ಎದುರುಬದುರಾಗುತ್ತಾರೆ. ಒಬ್ಬರ ಯೋಚನೆಯ ಜಾಡು ಇನ್ನೊಬ್ಬರಿಗೆ ತಿಳಿದಿದ್ದರೆ ವಾದ ಜಗಳವಾಗುವುದಿಲ್ಲ, ರಸವಾಗುತ್ತದೆ.

ಕೂಟಕ್ಕೆ ಕರೆಯುವ ಪರವೂರಿನ ಸಂಘದವರಲ್ಲಿ ಒಂದು ವಿನಂತಿ. ಸಂಭಾವನೆಯ ಜೊತೆ ಬಸ್ಸಿನ ಖರ್ಚು ಕೊಡಿ, ಬಂದವರಿಗೆ ಎರಡು ಗಂಟೆ ಮಲಗಲು ಜಾಗ ಮಾಡಿ. ಕರಾವಳಿಯ ಮಳೆಯ ತೇವ ಹೀರಿದ ಮದ್ದಳೆಯನ್ನು ಶ್ರುತಿಗೆ ತರಲು ಸಮಯ ಬಿಡಿ. ಭಾಷಣ ಮೊಟಕುಗೊಳಿಸಿ, ಕೂಟ ಹೇಳಿದ ಹೊತ್ತಿಗೆ ಶುರು ಮಾಡಿ. ಮಂಗಳ ಹಾಡುವ ತನಕ ನೀವೂ ಕೂತು ಕೇಳಿ.