ಮಣಿಯ ತೂತು

ಚಂದ್ರವಳ್ಳಿಗೆ ಭಾನುವಾರ ಬಂದವರು ಕೆರೆ ನೋಡಿ, ಅಂಕಲಿಮಠದ ಗುಹೆಯ ಕತ್ತಲಲ್ಲಿ ತಡವರಿಸಿ, ಮಂಡಕ್ಕಿ-ಮಿರ್ಚಿ ತಿಂದು ಚಿತ್ರದುರ್ಗದ ಬಸ್ಸು ಹತ್ತುತ್ತಾರೆ. ಕಾಲಡಿಯಲ್ಲಿ ಸಾತವಾಹನರ ಕಾಲದ ಊರೊಂದು ಮಲಗಿದೆ ಎಂಬ ಯೋಚನೆ ಯಾರಿಗೂ ಬರುವುದಿಲ್ಲ. 1929ರಲ್ಲಿ ಎಂ.ಎಚ್. ಕೃಷ್ಣ ಇಲ್ಲಿ ಅಗೆಸಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಸೀಸದ ನಾಣ್ಯ, ರೋಮಿನ ಬೆಳ್ಳಿ ನಾಣ್ಯ ಸಿಕ್ಕವು. ಜೊತೆಗೆ ಮಣಿಗಳೂ ಸಿಕ್ಕವು. ನಾಣ್ಯದ ಸುತ್ತ ವಿದ್ವಾಂಸರ ಗುಂಪೇ ಇದೆ. ನನಗೆ ಮಣಿಯೇ ಸಾಕು, ಅದರಲ್ಲೂ ಅದರ ತೂತು.

ಕಾರ್ನೀಲಿಯನ್ನಿನಂಥ ಕೆಂಪು ಕಲ್ಲಿನ ಗಡಸುತನ ಮೋಸ್ ಮಾಪಕದಲ್ಲಿ ಸುಮಾರು 7. ಅಡುಗೆಮನೆಯ ಚಾಕು ಎಷ್ಟು ತಿಕ್ಕಿದರೂ ಅದಕ್ಕೆ ಗೀರು ಬೀಳದು. ಅಂಥದರಲ್ಲಿ ದಾರ ಹಾಯುವಷ್ಟು ಸಣ್ಣ ತೂತು! ಸಿಂಧೂ ಬಯಲಿನವರು ಇನ್ನೂ ಗಟ್ಟಿಯಾದ ಕಲ್ಲಿನ ಮೊನೆಯಿಂದ ಕೊರೆದರು. ಆಮೇಲೆ ಬಂದದ್ದು ವಜ್ರದ ಚೂರು ಕೂರಿಸಿದ ಕಮಾನು ಬೈರಿಗೆ. ಗುಜರಾತಿನ ಖಂಭಾತದಲ್ಲಿ ಅದನ್ನು ಮೊನ್ನೆ ಮೊನ್ನೆಯವರೆಗೂ ಕೈಬಿಟ್ಟಿರಲಿಲ್ಲ. ಎಡಗೈಯಲ್ಲಿ ಬೈರಿಗೆಯ ತಲೆ ಒತ್ತಿ, ಬಲಗೈಯಲ್ಲಿ ಕಮಾನು ಎಳೆಯುತ್ತಿದ್ದರು. ಮೊನೆಗೆ ನೀರು ತೊಟ್ಟಿಕ್ಕುತ್ತಿತ್ತು. ಒಂದೇ ಕಡೆಯಿಂದ ಪೂರ್ತಿ ಕೊರೆದರೆ ಆಚೆ ತುದಿ ಸಿಡಿದುಹೋಗುತ್ತದೆ. ಹಾಗಾಗಿ ಅರ್ಧಕ್ಕೆ ನಿಲ್ಲಿಸಿ, ಮಣಿ ತಿರುಗಿಸಿ, ಈಚೆಯಿಂದ ಕೊರೆಯುತ್ತಿದ್ದರು. ಹಳೆಯ ಮಣಿಯನ್ನು ಬೆಳಕಿಗೆ ಹಿಡಿದರೆ ಎರಡು ದಾರಿಯೂ ಸೇರುವ ಕಡೆ ಒಮ್ಮೊಮ್ಮೆ ಕೂದಲೆಳೆಯ ಸೊಟ್ಟು ಕಾಣುತ್ತದೆ. ನನಗೆ ಅಚ್ಚುಮೆಚ್ಚು ಆ ಸೊಟ್ಟೇ.

ಹೊಳಪಿನ ಪಾಡು ಬೇರೆ. ಕುರಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಸಾಣೆಚಕ್ರ ಮಾಡುತ್ತಿದ್ದರು. ಸಣ್ಣ ಮಣಿಗಳನ್ನು ಪುಡಿಯ ಜೊತೆ ಚರ್ಮದ ಚೀಲಕ್ಕೆ ತುಂಬಿ, ದಿನಗಟ್ಟಲೆ ಉರುಳಿಸುತ್ತಿದ್ದರು. ಒಂದನ್ನೊಂದು ಉಜ್ಜಿ ಅವೇ ನುಣುಪಾಗುತ್ತಿದ್ದವು. ಈಗ ಆ ಉರುಳಾಟ ಮೋಟಾರಿನ ಪೀಪಾಯಿಯ ಪಾಲಿಗೆ. ಉಂಗುರದ ಹರಳಿಗಂತೂ ಗಣಿತವೇ ಬಂತು: ವಜ್ರದ ಮುಖಗಳು ಯಾವ ಕೋನದಲ್ಲಿದ್ದರೆ ಬೆಳಕು ಚೆನ್ನಾಗಿ ಮರಳುತ್ತದೆಂದು ಮಾರ್ಸೆಲ್ ಟೊಲ್ಕೊವ್ಸ್ಕಿ 1919ರಲ್ಲೇ ಲೆಕ್ಕ ಹಾಕಿಕೊಟ್ಟ. ಕೊಯ್ಯುವುದಕ್ಕೆ ಲೇಸರ್ ಇದೆ. ಮಣಿ ಕೊರೆಯುವ ಯಂತ್ರಕ್ಕೆ ಸೊಟ್ಟೆಂದರೆ ಗೊತ್ತೇ ಇಲ್ಲ.

ಆದರೂ ಸರ ಕೊಳ್ಳುವಾಗ ನಾನು ಒಂದೊಂದೇ ಮಣಿಯ ತೂತಿನ ಅಂಚನ್ನು ಉಗುರಿನಿಂದ ಸವರಿ ನೋಡುತ್ತೇನೆ. ಅಂಗಡಿಯವರು ನಗುತ್ತಾರೆ: “ಎಲ್ಲರೂ ಬಣ್ಣ ನೋಡ್ತಾರೆ, ನೀವೇನು ಸ್ವಾಮಿ ತೂತು ನೋಡ್ತೀರಿ?” ಅಂಚು ಒರಟಾಗಿದ್ದರೆ ದಾರ ಸವೆಯುವುದು ಅಲ್ಲೇ ಅಲ್ಲವೇ? ಕಡಿದ ದಿನ ಆ ಬಣ್ಣವನ್ನೆಲ್ಲ ಮಂಚದ ಕೆಳಗೆ ಹುಡುಕಬೇಕಾದವರು ನಾವು.