ನಾಯಿಯ ಪಾಲು ಒಗ್ಗರಣೆಗೆ ಮೊದಲೇ ತೆಗೆದಿಡಿ

ನಾಯಿಗೆ ಏನು ಹಾಕ್ತೀರಿ ಅಂತ ನಮ್ಮ ಬಾಗಲಕೋಟೆ ಕಡೆ ಯಾರನ್ನಾದರೂ ಕೇಳಿ ನೋಡಿ, ನಕ್ಕುಬಿಡುತ್ತಾರೆ. 'ಉಳಿದಿದ್ದು ಹಾಕ್ತೀವಿ' ಅನ್ನುವುದೇ ಉತ್ತರ. ನಮ್ಮ ಮನೆಗೆ ಎರಡು ತಿಂಗಳ ಮುಧೋಳ ಮರಿಯೊಂದು ಬಂದ ಮೇಲೆ ಈ ಮಾತಿಗೇ ಜಗಳ ಶುರುವಾಯಿತು.

ತಮ್ಮ ಪ್ಯಾಕೆಟ್ ಫುಡ್ಡೇ ಬೇಕು ಅಂದ. ಅಪ್ಪ, 'ರೊಟ್ಟಿ, ಮಜ್ಜಿಗಿ ತಿಂದು ಮೊಲ ಹಿಡದ ಜಾತಿ ಇದು, ಇದಕ್ಯಾಕ ಪ್ಯಾಕೆಟ್?' ಅಂದರು. ಪ್ಯಾಕೆಟ್ ಬೆಲೆ ನೋಡಿದರೆ ನಮ್ಮ ಒಂದು ವಾರದ ಸಂತೆ ಮುಗಿಯುತ್ತಿತ್ತು. ಹಾಗಂತ ಬೆಳೆಯುವ ಮರಿಯ ಹೊಟ್ಟೆಯ ವಿಷಯದಲ್ಲಿ ಅಂದಾಜಿನ ಮೇಲೆ ನಡೆಯುವಂತೆಯೂ ಇರಲಿಲ್ಲ. ಲಸಿಕೆ ಹಾಕಿಸಲು ಪಶು ಆಸ್ಪತ್ರೆಗೆ ಹೋದಾಗ ಅಲ್ಲೊಂದು ಮರಿ ಕಂಡಿದ್ದೆವು. ಮುಂಗಾಲು ಬಿಲ್ಲಿನಂತೆ ಬಾಗಿದ್ದವು. ಬರೀ ರೊಟ್ಟಿ ಮೇಲೆ ಬೆಳೆದ ಮರಿ, ಸುಣ್ಣದ ಅಂಶ ಸಾಲದೆ ಹೀಗಾಗಿದೆ ಎಂದರು ಡಾಕ್ಟರು.

ನಾವು ಕೇಳಿ, ಓದಿ ತಿಳಿದ ಮೇಲೆ ಕಂಡದ್ದು ಇಷ್ಟು: ಅಪ್ಪನ ಮಾತೂ ಅರ್ಧ ಸರಿ, ತಮ್ಮನ ಮಾತೂ ಅರ್ಧ ಸರಿ.

ನಾಯಿಗೆ ರೊಟ್ಟಿ ಜೀರ್ಣವಾಗುತ್ತದೆ. ಸ್ವೀಡನ್ನಿನ ವಿಜ್ಞಾನಿಗಳು ನಾಯಿ ಮತ್ತು ತೋಳದ ವಂಶವಾಹಿಗಳನ್ನು ಹೋಲಿಸಿ 2013ರಲ್ಲಿ ಇದನ್ನು ತೋರಿಸಿದರು. ಮನುಷ್ಯರ ಜೊತೆ ಬದುಕುತ್ತಾ ಬದುಕುತ್ತಾ ನಾಯಿ ಕಾಳುಕಡಿಯ ಪಿಷ್ಟವನ್ನು ಅರಗಿಸಿಕೊಳ್ಳುವುದನ್ನು ಕಲಿತಿದೆ. ಆದರೆ ರೊಟ್ಟಿಯೊಂದೇ ಸಾಲದು. ಬರೀ ಮಾಂಸ ಹಾಕಿದರೂ ಸುಣ್ಣ ಕಡಿಮೆಯಾಗುತ್ತದೆ. ರೊಟ್ಟಿ ಅಥವಾ ಅನ್ನದ ಜೊತೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ, ಮೆತ್ತಗೆ ಬೆಂದ ಬೇಳೆ, ಸ್ವಲ್ಪ ಗಜ್ಜರಿ ಇರಲಿ. ಕ್ಯಾಲ್ಸಿಯಂ ಎಷ್ಟು ಕೊಡಬೇಕು ಅನ್ನುವುದನ್ನು ಮಾತ್ರ ಡಾಕ್ಟರನ್ನೇ ಕೇಳಿ. ಅದು ಹೆಚ್ಚಾದರೂ ಮರಿಯ ಮೂಳೆಗೆ ತೊಂದರೆ.

ಪ್ಯಾಕೆಟ್ ಕೊಳ್ಳುವವರು ಮುಂದಿನ ಚಿತ್ರ ನೋಡಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ. ಮರಿಗೋ ದೊಡ್ಡ ನಾಯಿಗೋ, ಸಂಪೂರ್ಣ ಆಹಾರವೋ ಬರೀ ತಿಂಡಿಯೋ ಅಂತ ಬರೆದಿರುತ್ತದೆ. ನೀರಿನಂಶ ಬಿಟ್ಟು ಲೆಕ್ಕ ಹಾಕಿದಾಗ ದೊಡ್ಡ ನಾಯಿಯ ಆಹಾರದಲ್ಲಿ ಪ್ರೋಟೀನ್ ಕನಿಷ್ಠ ಶೇ 18, ಮರಿಯದರಲ್ಲಿ ಶೇ 22.5 ಇರಬೇಕು ಎನ್ನುವುದು ಅಮೆರಿಕದಲ್ಲಿ ಪಾಲಿಸುವ ಅಳತೆ. ಗ್ರೇವಿ ಪೊಟ್ಟಣದಲ್ಲಿ ಮುಕ್ಕಾಲು ಪಾಲು ನೀರೇ. ಬಾಯಿ ತೆರೆದ ಚೀಲದಿಂದ ಬಿಡಿಯಾಗಿ ತೂಗಿ ಕೊಡುವುದನ್ನು ತರಬೇಡಿ, ಅದರ ಜಿಡ್ಡು ಕಮಟು ಹಿಡಿದಿರಬಹುದು.

ನಮ್ಮ ಅಡುಗೆಯಲ್ಲಿ ನಿಜವಾದ ತೊಂದರೆ ಶುರುವಾಗುವುದು ಒಗ್ಗರಣೆಯಿಂದ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಪುಡಿ ಮಾಡಿದರೂ ಅದು ಹೋಗುವುದಿಲ್ಲ. ವಿಜಯಪುರ, ಜಮಖಂಡಿ ಕಡೆಯ ದ್ರಾಕ್ಷಿ ಬೆಳೆಗಾರರು ಇನ್ನೊಂದು ಮಾತು ಗಮನಿಸಿ. ದ್ರಾಕ್ಷಿ, ಒಣದ್ರಾಕ್ಷಿ ತಿಂದು ಕೆಲವು ನಾಯಿಗಳ ಮೂತ್ರಪಿಂಡವೇ ಕೆಡುತ್ತದೆ. ಇಷ್ಟು ತಿಂದರೆ ಅಪಾಯವಿಲ್ಲ ಎಂಬ ಲೆಕ್ಕ ಇಲ್ಲ. ಹಾಗಾಗಿ ಒಣಹಾಕಿದ ಶೆಡ್ಡಿನ ಬಳಿ ನಾಯಿ ಬಿಡಬೇಡಿ. ಚಾಕೊಲೇಟ್, ಝೈಲಿಟಾಲ್ ಹಾಕಿದ ಸಕ್ಕರೆರಹಿತ ಚ್ಯೂಯಿಂಗ್ ಗಮ್ ಕೂಡ ವಿಷ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ.

ಕೊನೆಗೆ ನಮ್ಮ ಮನೆಯಲ್ಲಿ ಆದ ತೀರ್ಮಾನ: ಬೆಳಗ್ಗೆ, ರಾತ್ರಿ ಮರಿಯ ಪ್ಯಾಕೆಟ್ ಆಹಾರ, ನಡುವೆ ಒಂದು ಹೊತ್ತು ನೆನೆಸಿದ ರೊಟ್ಟಿ, ಮೊಟ್ಟೆ. ಹೊಸದನ್ನು ಒಂದು ವಾರ ಸ್ವಲ್ಪ ಸ್ವಲ್ಪವೇ ಬೆರೆಸಿ ರೂಢಿ ಮಾಡಿಸಿದೆವು, ಭೇದಿ ಆಗಲಿಲ್ಲ. ಮನೆಯ ಊಟವೂ ಸೇರಿದ್ದರಿಂದ ಪ್ಯಾಕೆಟ್ ಹೆಚ್ಚು ದಿನ ಬರುತ್ತಿದೆ. ಅಪ್ಪ ಈಗ ತಾವೇ ಮೊಟ್ಟೆ ಸುಲಿದು ಹಾಕುತ್ತಾರೆ, ಪ್ಯಾಕೆಟ್ ಮಾತ್ರ ಇನ್ನೂ ಮುಟ್ಟುವುದಿಲ್ಲ.

ಬಂದವರು 'ಸೊರಗೈತಲ್ಲ, ಊಟ ಹಾಕಂಗಿಲ್ಲೇನು' ಅನ್ನುತ್ತಾರೆ. ಮುಧೋಳ ನಾಯಿಯ ಮೈಕಟ್ಟೇ ತೆಳ್ಳಗೆ, ಪಕ್ಕೆಲುಬು ಕಂಡರೆ ಗಾಬರಿ ಬೇಡ. ಊರನಾಯಿಯಾದರೆ ಪಕ್ಕೆ ಸವರಿ ನೋಡಿ. ಎಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು.

ಇವತ್ತು ರಾತ್ರಿ ಸಾರಿಗೆ ಉಳ್ಳಾಗಡ್ಡಿ, ಖಾರ, ಉಪ್ಪು ಬೀಳುವ ಮೊದಲು ಒಂದು ಸೌಟು ಬೇಳೆ ಬೇರೆ ತೆಗೆದಿಡಿ. ಅದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.