ಆಮೆ ಮೊಟ್ಟೆ ತಿಂದ ಮಾಷ್ಟ್ರು

ನಮ್ಮ ಶಾಲೆಯಿಂದ ಕಡಲು ಒಂದು ಕೂಗಳತೆ ದೂರ. ಕಳೆದ ಜುಲೈ ತಿಂಗಳ ಮಾತು. ಐದನೇ ತರಗತಿಯಲ್ಲಿ ವನ್ಯಜೀವಿ ರಕ್ಷಣೆಯ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಆಮೆ ಮೊಟ್ಟೆ ಒಳ್ಳೆ ರುಚಿ ಉಂಟಂತೆ ಸರ್, ನಮ್ಮ ಅಜ್ಜ ಮೊದಲು ತರ್ತಿದ್ರಂತೆ" ಎಂದ. ಮಕ್ಕಳೆಲ್ಲ ನಕ್ಕರು. ನನಗೆ ಸಿಟ್ಟು ಬಂತು. "ಅದು ಅಪರಾಧ, ಗೊತ್ತುಂಟಾ? 1972ರಲ್ಲೇ ಕಾಯಿದೆ ಬಂದಿದೆ. ಜೈಲಿಗೆ ಹಾಕ್ತಾರೆ!" ಎಂದು ಗದರಿಸಿ ಕೂರಿಸಿದೆ. ಆಮೇಲೆ ಆ ಹುಡುಗ ನನ್ನ ತರಗತಿಯಲ್ಲಿ ಕೈ ಎತ್ತಲೇ ಇಲ್ಲ.

ಅವನಿಗೆ ನಾನು ಹೇಳದೆ ಬಿಟ್ಟ ಸಂಗತಿ ಒಂದಿತ್ತು. ಚಿಕ್ಕಂದಿನಲ್ಲಿ ನಾನೂ ಆಮೆ ಮೊಟ್ಟೆ ತಿಂದವನೇ! ಅಪ್ಪ ಮೀನಿನ ಜೊತೆಗೆ ಒಮ್ಮೊಮ್ಮೆ ಅದನ್ನೂ ಕೊಂಡು ತರುತ್ತಿದ್ದರು. ಎಷ್ಟು ಬೇಯಿಸಿದರೂ ಬಿಳಿ ಭಾಗ ಗಟ್ಟಿಯಾಗದ ಆ ಮೊಟ್ಟೆ ಈಗಲೂ ನೆನಪಿದೆ.

ಫೆಬ್ರವರಿಯಲ್ಲಿ ತಂಗಿಯ ಮನೆಗೆಂದು ಚೆನ್ನೈಗೆ ಹೋಗಿದ್ದೆ. "ಶನಿವಾರ ರಾತ್ರಿ ಆಮೆ ನೋಡಲು ಹೋಗುವ, ಬರ್ತೀರಾ?" ಎಂದರು ಭಾವ. ಅಲ್ಲಿ ವಿದ್ಯಾರ್ಥಿಗಳೇ ಸೇರಿ 1988ರಲ್ಲಿ ಕಟ್ಟಿದ ಕಡಲಾಮೆ ಸಂರಕ್ಷಣಾ ತಂಡವೊಂದಿದೆ. ಮೊಟ್ಟೆ ಇಡುವ ಕಾಲದಲ್ಲಿ ಅವರು ಇಡೀ ರಾತ್ರಿ ನೀಲಾಂಕರೈಯಿಂದ ಬೆಸೆಂಟ್ ನಗರದವರೆಗೆ ಸುಮಾರು ಏಳು ಕಿ.ಮೀ. ಮರಳಲ್ಲಿ ನಡೆಯುತ್ತಾರೆ. ವಾರಾಂತ್ಯದಲ್ಲಿ ನಮ್ಮಂಥವರನ್ನೂ ಕರೆದುಕೊಂಡು ಹೋಗುತ್ತಾರೆ. ಟಾರ್ಚ್ ಹಾಕುವಂತಿಲ್ಲ, ಗಲಾಟೆ ಮಾಡುವಂತಿಲ್ಲ.

ನಡುರಾತ್ರಿ ಕಳೆದು ಕಾಲು ಸೋತು ಬಂದಾಗ ಮುಂದಿದ್ದ ಹುಡುಗಿ ಕೈ ಎತ್ತಿ ನಿಲ್ಲಿಸಿದಳು. ನೀರಿನಿಂದ ಮೇಲಕ್ಕೆ ಟ್ರ್ಯಾಕ್ಟರ್ ಹೋದಂಥ ಗುರುತು. ಅದರ ಕೊನೆಯಲ್ಲಿ ಎರಡಡಿ ಉದ್ದದ ಆಲಿವ್ ರಿಡ್ಲೆ! ಮೊಟ್ಟೆ ಇಟ್ಟಾಗಿತ್ತು. ಹಿಂಗಾಲಿನಿಂದ ಮರಳು ಮುಚ್ಚಿ, ಇಡೀ ಮೈಯನ್ನು ಆಚೆ ಈಚೆ ಕುಟ್ಟಿ ಕುಟ್ಟಿ ನೆಲ ಗಟ್ಟಿ ಮಾಡುತ್ತಿತ್ತು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ಮೈಯೊಳಗಿನ ಹೆಚ್ಚಿನ ಉಪ್ಪನ್ನು ಹೊರಹಾಕುವ ರೀತಿ, ಅಳು ಅಲ್ಲ. ನನಗೂ ಗೊತ್ತಿದ್ದ ವಿಷಯವೇ. ಆದರೂ ನೋಡುತ್ತಾ ನಿಲ್ಲಲು ನನ್ನಿಂದಾಗಲಿಲ್ಲ.

ಆಮೆ ಕಡಲಿಗೆ ಇಳಿದ ಮೇಲೆ ಹುಡುಗರು ಕೋಲಿನಿಂದ ಮೆಲ್ಲನೆ ಚುಚ್ಚಿ ಮರಳು ಮೆತ್ತಗಿರುವ ಜಾಗ ಹುಡುಕಿದರು. ಒಂದೂವರೆ ಅಡಿ ಆಳದಲ್ಲಿ ಪಿಂಗ್‌ಪಾಂಗ್ ಚೆಂಡಿನಂಥ ನೂರಕ್ಕೂ ಹೆಚ್ಚು ಮೊಟ್ಟೆಗಳು. ಅಲ್ಲೇ ಬಿಟ್ಟರೆ ನಾಯಿಗಳ ಪಾಲು. ಉಳಿದು ಮರಿಯಾದರೂ ಬೀದಿದೀಪದ ಬೆಳಕನ್ನೇ ಕಡಲಿನ ಬೆಳಕೆಂದು ತಿಳಿದು ರಸ್ತೆಗೆ ಹೋಗುತ್ತವೆ. ಅದಕ್ಕೇ ಕೆಲವೇ ಗಂಟೆಗಳೊಳಗೆ, ಅಲುಗಾಡಿಸದೆ ಒಯ್ದು, ಬೇಲಿ ಹಾಕಿದ ಜಾಗದಲ್ಲಿ ಅಷ್ಟೇ ಆಳದ ಗುಂಡಿ ತೋಡಿ ಇಡುತ್ತಾರೆ. 45ರಿಂದ 60 ದಿನಗಳಲ್ಲಿ ಮರಿ. ಮರಳಿನ ಬಿಸಿ ಹೆಚ್ಚಿದ್ದರೆ ಹೆಣ್ಣು, ಕಡಿಮೆಯಿದ್ದರೆ ಗಂಡು! ಇಷ್ಟು ಮಾಡಿದರೂ ದಾರಿ ಸುಲಭವಿಲ್ಲ. 2025ರ ಜನವರಿಯಲ್ಲಿ ಇದೇ ಚೆನ್ನೈ ಕರಾವಳಿಯಲ್ಲಿ ನೂರಾರು ದೊಡ್ಡ ಆಮೆಗಳು ಸತ್ತು ದಡಕ್ಕೆ ಬಿದ್ದಿದ್ದವು. ಬಲೆಗೆ ಸಿಕ್ಕಿದ ಆಮೆಗೆ ಉಸಿರಾಡಲು ಮೇಲೆ ಬರಲಾಗುವುದಿಲ್ಲ.

ಊರಿಗೆ ಬಂದ ಮರುದಿನ ತರಗತಿಯಲ್ಲಿ ಎಲ್ಲವನ್ನೂ ಹೇಳಿದೆ. ಕೊನೆಗೆ, "ನಾನೂ ಸಣ್ಣವನಿದ್ದಾಗ ಆ ಮೊಟ್ಟೆ ತಿಂದಿದ್ದೇನೆ. ಜುಲೈಯಲ್ಲಿ ಅದನ್ನು ಮುಚ್ಚಿಟ್ಟು ನಿಮ್ಮಲ್ಲೊಬ್ಬನನ್ನು ಗದರಿಸಿದೆ. ತಪ್ಪು ನನ್ನದು" ಎಂದೆ. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಹಿಂದಿನ ಬೆಂಚಿನಿಂದ ಕೈ ಮೇಲೆದ್ದಿತು. "ಕೋಲು ಚುಚ್ಚಿ ಹುಡುಕುವುದು ನಮ್ಮ ಅಜ್ಜನಿಗೂ ಗೊತ್ತುಂಟು ಸರ್."

ನಮ್ಮ ಜಿಲ್ಲೆಯಲ್ಲೇ ನೀಲೇಶ್ವರದ ತೈಕ್ಕಡಪ್ಪುರದಲ್ಲಿ 'ನೆಯ್ತಲ್' ಎಂಬ ಸಂಸ್ಥೆ ಬಹಳ ವರ್ಷಗಳಿಂದ ಆಮೆ ಮೊಟ್ಟೆ ಕಾಯುತ್ತಾ ಬಂದಿದೆ. ಮುಂದಿನ ಚಳಿಗಾಲಕ್ಕೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಆಸೆಯಿದೆ. ಆ ಅಜ್ಜನನ್ನೂ ಕರೆಯಬೇಕು. ಹುಡುಗರಿಗೆ ಕೋಲು ಹಿಡಿಯಲು ಕಲಿಸಲು ನನ್ನಿಂದಂತೂ ಆಗದು... ನಿಮ್ಮ ಶಾಲೆಯ ಆಸುಪಾಸಿನಲ್ಲೂ ಇಂಥ ಅಜ್ಜಂದಿರು ಇರಬಹುದು, ಒಮ್ಮೆ ವಿಚಾರಿಸಿ ನೋಡಿ.